ಸಹಾಯ ಬೇಕು: ತರಗತಿಯ ಪ್ರೊಜೆಕ್ಟರ್‌ಗೆ 15 ಮೀಟರ್ ಕೇಬಲ್, ಚಿತ್ರ ಪದೇ ಪದೇ ಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಿಂದ ಚಾವಣಿಯ ಪ್ರೊಜೆಕ್ಟರ್‌ವರೆಗೆ 15 ಮೀಟರ್ ಸಾಧಾರಣ ಎಚ್‌ಡಿಎಂಐ ಕೇಬಲ್ ಎಳೆದಿದೆ. 1080ಪಿ, 60 ಹರ್ಟ್ಜ್‌ನಲ್ಲಿ ಇಟ್ಟರೆ ಪರದೆ ಆಗಾಗ ಎರಡು ಮೂರು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಅದೇ ಲ್ಯಾಪ್‌ಟಾಪ್, ಅದೇ ಪ್ರೊಜೆಕ್ಟರ್‌ಗೆ 2 ಮೀಟರ್ ಕೇಬಲ್ ಹಾಕಿದರೆ ತೊಂದರೆ ಇಲ್ಲ. ಹಾಗಾಗಿ ದೂರಕ್ಕೆ ಸಿಗ್ನಲ್ ಸೊರಗುತ್ತಿದೆ ಅನ್ನಿಸುತ್ತದೆ.

ಸ್ಪಷ್ಟತೆ ಕಡಿಮೆ ಇರುವ 720ಪಿಗೆ ಇಳಿಸಿದರೆ ಚಿತ್ರ ಹೋಗದೆ ಸ್ಥಿರವಾಗಿರುತ್ತದೆ. ಆದರೆ ನೀರಿನ ಅಣುಸೂತ್ರದಲ್ಲಿ ಕೆಳಗೆ ಬರುವ ಸಣ್ಣ 2 ಹಿಂದಿನ ಬೆಂಚಿಗೆ ಬರೀ ಚುಕ್ಕೆ. ವಿಜ್ಞಾನ ಪಾಠಕ್ಕೆ ಇದು ಒಪ್ಪುವಂಥದ್ದಲ್ಲ.

ಎರಡು ದಾರಿ ಕಾಣುತ್ತಿವೆ. ಒಂದು, ಬೆಳಕಿನ ಮೂಲಕ ಸಿಗ್ನಲ್ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್: ಇದಕ್ಕೆ ದಿಕ್ಕು ಇದೆ, ‘ಸೋರ್ಸ್’ ತುದಿ ಲ್ಯಾಪ್‌ಟಾಪ್ ಕಡೆಗೇ ಇರಬೇಕು, ಜೋರಾಗಿ ಮಡಚಿದರೆ ಒಳಗಿನ ಎಳೆ ಮುರಿಯುತ್ತದೆ. ಗೋಡೆಯ ಪೈಪ್ 20 ಮಿಲಿಮೀಟರ್, ಅದರಲ್ಲಿ ಪ್ಲಗ್ ತೂರುವುದೇ ಕಷ್ಟ. ಇನ್ನೊಂದು, ಕ್ಯಾಟ್6 (ಕಂಪ್ಯೂಟರ್ ನೆಟ್‌ವರ್ಕ್‌ಗೆ ಬಳಸುವ) ವೈರ್ ಮತ್ತು ಅದರ ಮೂಲಕ ಎಚ್‌ಡಿಎಂಐ ಸಿಗ್ನಲ್ ದೂರಕ್ಕೆ ಕಳಿಸುವ ಎಕ್ಸ್‌ಟೆಂಡರ್ ಪೆಟ್ಟಿಗೆಗಳು: ವೈರ್ ಎಳೆದ ಮೇಲೆ ತುದಿ ಕಟ್ಟಬಹುದು. ಎಕ್ಸ್‌ಟೆಂಡರ್‌ಗೆ ಕರೆಂಟ್ ಕೊಡಲು ಚಾವಣಿಯಲ್ಲಿ ಒಂದು ಪ್ಲಗ್ ಪಾಯಿಂಟ್ ಖಾಲಿ ಇದೆ.

ಎಕ್ಸ್‌ಟೆಂಡರ್ ಬಳಸಿದವರು ದಯವಿಟ್ಟು ತಿಳಿಸಿ: ಕರೆಂಟ್ ಹೋಗಿ ಬಂದಾಗ ಚಿತ್ರ ತಾನಾಗಿ ಬರುತ್ತದೆಯೇ, ಪ್ರತಿ ಸಲ ಏಣಿ ಹತ್ತಬೇಕೇ? ವಿದ್ಯುತ್ ವೈರ್ ಇರುವ ಪೈಪ್‌ನಲ್ಲೇ ಕ್ಯಾಟ್6 ಹಾಕಬಾರದು ಅಂತ ಗೊತ್ತು, ಬೇರೆ ಪೈಪ್ ಇದೆ.