ಅಪ್ಪನ ಎಂಎಂ 540 ಮನೆ ಶೆಡ್ಡಲ್ಲೇ ಬಿಚ್ಚಿದೀನಿ, ಇಂಜಿನ್ ಚೇಂಜ್ ಮಾಡ್ಲಾ ಬೇಡ್ವಾ?

ಮೂಡಿಗೆರೆ ಹುಡ್ಗ:
ಎಲ್ರಿಗೂ ನಮಸ್ಕಾರ. ನಮ್ಮನೇಲಿ ಒಂದು ಹಳೇ ಮಹೀಂದ್ರ ಎಂಎಂ 540 ಜೀಪ್ ಇದೆ, ಅಪ್ಪ ತೋಟಕ್ಕೆ ಅಂತ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು, ಪೂಜೋ ಡೀಸೆಲ್, ನಾಲ್ಕು ಗೇರು, ಫೋರ್ ವೀಲ್ ಇದೆ. ಮನೆಗೆ ಪಿಕಪ್ ಬಂದ್ಮೇಲೆ ಇದನ್ನ ಕೇಳೋರೇ ಇಲ್ದೆ ಕಾಫಿ ಕಣದ ಪಕ್ಕ ಶೆಡ್ಡಲ್ಲಿ ನಿಂತ್ಬಿಟ್ಟಿತ್ತು. ಈಗ ಬಾನೆಟ್, ಸೀಟು, ಗ್ರಿಲ್ ಎಲ್ಲ ಬಿಚ್ಚಿಟ್ಟಿದೀನಿ, ಡ್ರೈವರ್ ಕಾಲಿಡೋ ಜಾಗದಲ್ಲಿ ತಗಡು ಪೂರ್ತಿ ಹೋಗಿ ಕೆಳಗಿನ ಸಿಮೆಂಟ್ ನೆಲ ಕಾಣುತ್ತೆ 😅. ಇಂಜಿನ್ ಜಾಮ್ ಆಗಿಲ್ಲ, ಕೈಯಲ್ಲಿ ತಿರುಗುತ್ತೆ. ಆರ್ಕ್ ವೆಲ್ಡಿಂಗ್ ಮಷೀನು, ಗ್ರೈಂಡರ್, ತೊಲೆಗೆ ಕಟ್ಟಿರೋ ಚೈನ್ ಬ್ಲಾಕು, ಎರಡು ಜಾಕಿ, ನನ್ ವರ್ಕ್‌ಶಾಪ್ ಅಂದ್ರೆ ಇಷ್ಟೇ. ಡೌಟು ಏನಂದ್ರೆ ಈ ಇಂಜಿನ್ನೇ ರೆಡಿ ಮಾಡ್ಲಾ ಇಲ್ಲಾ ಮಹೀಂದ್ರದ್ದೇ 2.5 ಲೀಟರ್ ಡಿಐ ಡೀಸೆಲ್ ಇಂಜಿನ್ ಕೂರಿಸ್ಲಾ, 31 ಇಂಚು ಟೈರು ಹಾಕಿ ಒಂದ್ ಮೂರಿಂಚು ಎತ್ತಿಸ್ಬೇಕು ಅಂತ ಆಸೆ ಇದೆ, ಆಮೇಲೆ ಮುಂಚೆ ಓಡ್ತಿದ್ದಾಗ ನಲ್ವತ್ತರ ಮೇಲೆ ಒಂದು ಸಣ್ಣ ಗುಂಡಿ ಹಾರಿದ್ರೂ ಸ್ಟೇರಿಂಗ್ ಕೈಯಲ್ಲಿ ನಿಲ್ತಿರ್ಲಿಲ್ಲ, ಬ್ರೇಕ್ ಹಾಕೋ ತನಕ ಅಲ್ಲಾಡ್ತಾನೇ ಇರೋದು. ಓಡಿಸೋದು ಜಾಸ್ತಿ ತೋಟದೊಳಗೇ, ಮಳೆಗಾಲದಲ್ಲಿ ಕೆಮ್ಮಣ್ಣಿನ ಏರು, ಅಪರೂಪಕ್ಕೆ ಪೇಟೆ.

ಹಾಸನ ಲೇತ್:
ತಮ್ಮಾ, ಇಂಜಿನ್ ವಿಷ್ಯ ಆಮೇಲೆ, ಮೊದ್ಲು ಚಾಸಿ (ಗಾಡಿ ಕೆಳಗಿನ ಉಕ್ಕಿನ ಫ್ರೇಮು) ನೋಡು. ನೆಲದ ತಗಡೇ ಹಂಗಾಗಿದೆ ಅಂದ್ರೆ ಚಾಸಿ ಒಳಗೂ ಕೆಮ್ಮಣ್ಣು ಕೂತಿರುತ್ತೆ, ಒಣಗಿದ್ರೂ ಒಳಗೆ ತೇವ ಬಿಡಲ್ಲ ಅದು. ಸಣ್ಣ ಸುತ್ತಿಗೆ ತಗೊಂಡು ಉದ್ದಕ್ಕೂ ತಟ್ಕೊಂಡು ಹೋಗು, ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೂರೋ ಹ್ಯಾಂಗರ್ ಹತ್ರ ಮತ್ತೆ ಬಾಡಿ ಬೋಲ್ಟ್ ಬರೋ ಕಡೆ ಜಾಸ್ತಿ ತಟ್ಟು. ಠಣ್ ಅಂದ್ರೆ ಸರಿ ಇದೆ, ಡಬ್ ಅಂದ್ರೆ ಸ್ಕ್ರೂ ಡ್ರೈವರ್ ಚುಚ್ಚು, ಒಳಗೆ ಹೋದ್ರೆ ಅಷ್ಟು ಕಟ್ ಮಾಡಿ ತೆಗೀಲೇಬೇಕು. ಕೊಳೆತ ತಗಡಿನ ಮೇಲೆ ಇನ್ನೊಂದು ತಗಡು ಮೆತ್ತೋ ಕೆಲ್ಸ ಮಾತ್ರ ಬೇಡ. ಬಲಕ್ಕೆ ಅಂತ ಪ್ಲೇಟ್ ಹಾಕೋದಾದ್ರೆ ಎರಡೂ ತುದಿ ನೇರಕ್ಕೆ ಕಟ್ ಮಾಡ್ಬೇಡ, ಈಟಿ ತರ ಚೂಪು ಮಾಡಿ ಹಾಕು, ಚಾಸಿಗೆ ಅಡ್ಡಡ್ಡ ನೇರ ವೆಲ್ಡಿಂಗ್ ಹೊಡೆದ್ರೆ ಆ ಗೆರೆಯಲ್ಲೇ ಮುಂದೆ ಕ್ರ್ಯಾಕ್ ಬರೋದು. ಇನ್ನೊಂದು, ನೆಲದ ತಗಡು ಕೊಯ್ಯೋ ಮುಂಚೆ ಎರಡೂ ಕಡೆ ಹತ್ತೋ ಜಾಗಕ್ಕೆ ಅಡ್ಡಡ್ಡ ಒಂದೊಂದು ಕಬ್ಬಿಣದ ಆಂಗಲ್ ತಾತ್ಕಾಲಿಕಕ್ಕೆ ಟ್ಯಾಕ್ ವೆಲ್ಡ್ ಹೊಡ್ಕೋ, ಇಲ್ದಿದ್ರೆ ಬಾಡಿ ಬಾಯಿ ಬಿಟ್ಕೊಂಡು ಆಮೇಲೆ ವಿಂಡ್‌ಶೀಲ್ಡ್ ಫ್ರೇಮು ಕೂರಲ್ಲ. ಆರ್ಕ್ ಮಷೀನಲ್ಲಿ ತೆಳು ತಗಡು ತೂತ್ ಬೀಳುತ್ತೆ, ನೆಲಕ್ಕೆ 16 ಗೇಜ್ ಶೀಟ್ ತಂದು ಸಣ್ಣ ರಾಡಲ್ಲಿ ಚುಕ್ಕಿ ಚುಕ್ಕಿ ಹೊಡಿ, ಅಥ್ವಾ ಎರಡ್ ದಿನಕ್ಕೆ ತೆಳು ತಗಡಿಗೆ ಆಗೋ ಮಿಗ್ ವೆಲ್ಡಿಂಗ್ ಮಷೀನು ಬಾಡಿಗೆಗೆ ತಾ. ಚಾಸಿ ನಂಬರ್ ಇರೋ ಜಾಗಕ್ಕೆ ಗ್ರೈಂಡರ್ ಮುಟ್ಟಿಸ್ಲೇಬೇಡ, ಆಯ್ತಾ.

ಡೀಸೆಲ್ ಬೆಂಗ್ಳೂರು:
ಬ್ರೋ ನನ್ ಪ್ರಕಾರ ಡಿಐ ಹಾಕ್ಬಿಡಿ. ಪೂಜೋ 2112 ಸಿಸಿ, 62 ಎಚ್‌ಪಿ ಅಷ್ಟೇ, ಅದೂ ಹೊಸದ್ರಲ್ಲಿ. ಬೆಳಿಗ್ಗೆ ಚಳೀಲಿ ಹೀಟರ್ ಕಾಯ್ಸ್ಕೊಂಡು ಕೂರ್ಬೇಕು, ಹೆಡ್ಡು ಅಲ್ಯೂಮಿನಿಯಂ, ಒಂದ್ಸಲ ಬಿಸಿ ಜಾಸ್ತಿ ಆದ್ರೆ ಬೆಂಡ್ ಆಗಿ ಕೂರುತ್ತೆ. 2523 ಸಿಸಿ ಡಿಐ ಸ್ಪೇರ್ ಯಾವ್ ಊರಲ್ಲಾದ್ರೂ ಸಿಗುತ್ತೆ, ಮೈಲೇಜೂ ಒಳ್ಳೇದು. ಬೆಂಗ್ಳೂರು ಜೆಸಿ ರೋಡ್ ಸ್ಪೇರ್ ಅಂಗಡಿಗಳಲ್ಲಿ ಒಂದ್ ರೌಂಡ್ ಹಾಕಿದ್ರೆ ಮೌಂಟಿಂಗು, ಬೆಲ್ ಹೌಸಿಂಗು (ಇಂಜಿನ್ನು ಗೇರ್‌ಬಾಕ್ಸು ಸೇರಿಸೋ ಕವರು) ಎಲ್ಲಾ ಕೇಳಬಹುದು.

ವಿರಾಜಪೇಟೆ ಜೀಪು:
ಮೇಲಿನವ್ರು ಹೇಳಿದ್ದು ಸುಳ್ಳಲ್ಲ, ಆದ್ರೆ ಕೇಳಿದವ್ರು ಓಡಿಸೋದು ತೋಟದಲ್ಲಿ ಮಾರಾಯ್ರೆ, ತುಮಕೂರು ಹೈವೇಲಲ್ಲ. ಏರಲ್ಲಿ ಈ ಗಾಡಿ ಎಳೆಯೋದು ಎಚ್‌ಪಿಯಿಂದಲ್ಲ, ಗೇರಿಂದ. ಮೊದಲು ಡಿಫರೆನ್ಷಿಯಲ್ ರೇಶ್ಯೋ (ಎರಡೂ ಚಕ್ರ ಒಂದು ಸುತ್ತು ಹೋದ್ರೆ ಶಾಫ್ಟ್ ಎಷ್ಟು ಸುತ್ತು ಅನ್ನೋದು) ಎಷ್ಟು ನೋಡ್ಕೊಳ್ಳಿ, ಈ ಜೀಪುಗಳಲ್ಲಿ 5.38 ಮತ್ತೆ 4.88 ಎರಡೂ ಸಿಗುತ್ತೆ, ನಡುವೆ ಯಾರು ಏನು ಬದಲಾಯ್ಸಿದಾರೋ ಹೇಳಕ್ಕಾಗಲ್ಲ. ನೋಡೋದು ಸುಲಭ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರ ಎತ್ತಿ, ಜಾಯಿಂಟ್ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎತ್ತಿದ ಚಕ್ರ ಸರಿಯಾಗಿ ಎರಡು ಸುತ್ತು ತಿರುಗ್ಸಿ (ಒಂದೇ ಚಕ್ರ ತಿರುಗೋದ್ರಿಂದ ಎರಡು ಸುತ್ತು). ಶಾಫ್ಟ್ ಐದು ಸುತ್ತು ದಾಟಿ ಇನ್ನೂ ಮೂರನೇ ಒಂದು ಭಾಗದಷ್ಟು ಹೋದ್ರೆ 5.38, ಐದಕ್ಕೆ ಸ್ವಲ್ಪ ಮುಂಚೆ ನಿಂತ್ರೆ 4.88. ಹಿಂಗೇ ಮುಂದಿಂದೂ ನೋಡಿ, ಚಕ್ರನ ಎಕ್ಸೆಲ್ಲಿಗೆ ಸೇರಿಸೋ ಹಬ್ ಲಾಕ್ ಇದ್ರೆ ಲಾಕ್ ಮಾಡ್ಕೊಂಡು. ಎರಡೂ ಒಂದೇ ಇರ್ಬೇಕು, ಇಲ್ಲಾಂದ್ರೆ ಫೋರ್ ವೀಲ್ ಹಾಕಿದ್ ತಕ್ಷಣ ಒಂದಕ್ಕೊಂದು ಜಗ್ಗಾಡಿ, ಮುಂದಕ್ಕೂ ಹಿಂದಕ್ಕೂ ಪವರ್ ಹಂಚೋ ಟ್ರಾನ್ಸ್‌ಫರ್ ಕೇಸಿಗೆ ಹೊಡ್ತ.

ಈಗ ಟೈರಿಗೆ ಬನ್ನಿ. ಇದಕ್ಕೆ ಬರೋ 6.00-16 ಸುಮಾರು 28 ಇಂಚು ಚಿಲ್ರೆ ಎತ್ತರ. 31 ಹಾಕಿದ್ರೆ ನಿಮ್ 5.38 ಎಳೆಯೋದ್ರಲ್ಲಿ 4.9 ತರ ಆಗುತ್ತೆ, ಅಂದ್ರೆ ದುಡ್ಡು ಕೊಟ್ಟು ಗಾಡಿ ವೀಕ್ ಮಾಡ್ಕೊಂಡಂಗೆ. ಆ ಕೊರತೆ ತುಂಬೋಕೆ ದೊಡ್ಡ ಇಂಜಿನ್, ಆ ಇಂಜಿನ್ ಟಾರ್ಕಿಗೆ ಹಳೇ ಗೇರ್‌ಬಾಕ್ಸು ಎಕ್ಸೆಲ್ಲು ತಡೀಬೇಕು, ಆಮೇಲೆ ಬ್ರೇಕು, ಹಿಂಗೇ ಬಾಲ ಬೆಳೀತಾ ಹೋಗುತ್ತೆ. ನಮ್ಮ ಕೆಸರಿಗೆ ಅಗಲ ಟೈರಿಗಿಂತ ಸಪೂರ ಟೈರೇ ವಾಸಿ, ಮೇಲಿನ ಕೆಸರು ಸೀಳ್ಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ. ಅಗಲದ್ದು ಮೇಲೇ ತೇಲ್ಕೊಂಡು ಅಡ್ಡ ಜಾರಿ ಚರಂಡಿಗೆ. ನಾನಾದ್ರೆ ಪೂಜೋ ಹೆಡ್ ಬಿಚ್ಚಿ ಲೆವೆಲ್ ನೋಡಿಸಿ, ಪಂಪು ನಾಝಲ್ ಸರ್ವಿಸ್ ಮಾಡ್ಸಿ, ರೇಡಿಯೇಟರ್ ಹೊಸ ಕೋರ್ ಹಾಕ್ತೀನಿ. ಬಿಸಿ ಆಗ್ದೇ ನೋಡ್ಕೊಂಡ್ರೆ ಆ ಇಂಜಿನ್ ಏನೂ ಕಡ್ಮೆ ಇಲ್ಲ.

ಆರ್‌ಸಿ ಬುಕ್:
ಯಾರೂ ಕಾಗದದ ವಿಷ್ಯ ಎತ್ತಲೇ ಇಲ್ಲ. 15 ವರ್ಷ ದಾಟಿದ ಗಾಡಿ, ಆರ್‌ಸಿ ರಿನ್ಯೂ ಆಗಿದ್ಯಾ? ಅದು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೆ ಸಿಗೋದು, ಇನ್ಸ್‌ಪೆಕ್ಟರ್ ನೋಡ್ವಾಗ ಆರ್‌ಸಿಲಿರೋ ಇಂಜಿನ್ ನಂಬರ್ ಒಂದು ಗಾಡಿಲಿರೋದು ಇನ್ನೊಂದು ಅಂದ್ರೆ ಅಲ್ಲಿಗೆ ಕಥೆ ಮುಗೀತು. ಇಂಜಿನ್ ಬದಲಾಯ್ಸೋದಾದ್ರೆ ಆರ್‌ಟಿಓ ಪರ್ಮಿಷನ್ ಮೊದ್ಲು, ಕೆಲಸ ಆಮೇಲೆ. ಕಂಪನಿ ಸ್ಪೆಸಿಫಿಕೇಷನ್ ಬಿಟ್ಟು ಆಲ್ಟರ್ ಮಾಡಂಗಿಲ್ಲ ಅಂತ 2019 ಜನವರಿಲಿ ಸುಪ್ರೀಂ ಕೋರ್ಟೇ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇಟ್ಕೊಂಡು ಹೇಳಿದೆ. ಅದೇ ವರ್ಷದ ತಿದ್ದುಪಡೀಲಿ ಓನರಿಗೆ ಒಂದೊಂದು ಆಲ್ಟರೇಷನ್ನಿಗೆ 5000 ರೂಪಾಯಿ ದಂಡ ಇಲ್ಲಾ ಆರು ತಿಂಗಳ ತನಕ ಜೈಲು, ಎರಡೂ ಹಾಕ್ಬಹುದು. ತೋಟದೊಳಗೆ ಯಾರೂ ಕೇಳಲ್ಲ ಸರಿ, ಪೇಟೆಗೆ ಹೋಗ್ತೀನಿ ಅಂದ್ರಲ್ಲ ಅದಕ್ಕೆ ಹೇಳ್ದೆ.

ಮೂಡಿಗೆರೆ ಹುಡ್ಗ:
ಥ್ಯಾಂಕ್ಸ್ ಎಲ್ರಿಗೂ. ಸೀಮೆಸುಣ್ಣದ ಟೆಸ್ಟ್ ಮಾಡ್ದೆ, ಹಿಂದೆ ಮುಂದೆ ಎರಡೂ 5.38. ಚಾಸಿ ಎಡಗಡೆ ಹಿಂದಿನ ಹ್ಯಾಂಗರ್ ಹತ್ರ ಡಬ್ ಅಂತು, ಸ್ಕ್ರೂ ಡ್ರೈವರ್ ಒಳಗೇ ಹೋಯ್ತು. ಇಂಜಿನ್ ಪೂಜೋನೇ ಇರ್ಲಿ, ಟೈರೂ ಅದೇ ಸೈಜು. ಸ್ಟೇರಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ? ಇಲ್ಲಿ ಒಬ್ರು ಮೆಕ್ಯಾನಿಕ್ ಸ್ಟೇರಿಂಗ್ ಡ್ಯಾಂಪರ್ (ಅಲ್ಲಾಟ ಹಿಡಿಯೋ ಶಾಕ್ ಅಬ್ಸಾರ್ಬರ್) ಹಾಕ್ಸಿ ಸಾಕು ಅಂತಾರೆ.

ಹಾಸನ ಲೇತ್:
ಡ್ಯಾಂಪರ್ ಹಾಕಿದ್ರೆ ಅಲ್ಲಾಟ ಮುಚ್ಚುತ್ತೆ, ಹೋಗಲ್ಲ. ಮುಂದಿನ ಚಕ್ರ ಎತ್ತಿ ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡ್ಸು. ಪ್ಲೇ ಸಿಕ್ತಾ? ಈಗ ಇನ್ನೊಬ್ರಿಗೆ ಬ್ರೇಕ್ ಒತ್ಕೊಂಡಿರಕ್ಕೆ ಹೇಳಿ ಮತ್ತೆ ಅಲ್ಲಾಡ್ಸು. ಬ್ರೇಕ್ ಒತ್ತಿದಾಗ ಪ್ಲೇ ಹೋದ್ರೆ ವೀಲ್ ಬೇರಿಂಗ್, ಹಂಗೇ ಇದ್ರೆ ಚಕ್ರ ಎಡ ಬಲ ತಿರುಗೋ ಕಿಂಗ್‌ಪಿನ್ ಬೇರಿಂಗ್. ನಿಂದು ಕಿಂಗ್‌ಪಿನ್ನೇ ಇರುತ್ತೆ ಅನ್ಸುತ್ತೆ, ಯಾಕಂದ್ರೆ ಎಕ್ಸೆಲ್ ತುದೀಲಿರೋ ಉಂಡೆ ಸುತ್ತ ಇರೋ ಫೆಲ್ಟ್ ಸೀಲ್ ಹರಿದ್ರೆ ಕೆಸರು ನೇರ ಒಳಗೆ, ಗ್ರೀಸೆಲ್ಲ ಕಾಫಿ ಬಣ್ಣ ಆಗಿರುತ್ತೆ ಬಿಚ್ಚಿ ನೋಡು. ಬೇರಿಂಗು, ಅದು ಕೂರೋ ಕಪ್ (ಹೊರಗಿನ ಬಳೆ) ಎರಡೂ ಹೊಸದು ಹಾಕು, ಹಳೇ ಕಪ್ಪಿಗೆ ಹೊಸ ಬೇರಿಂಗ್ ಹಾಕೋ ಉಳಿತಾಯ ಬೇಡ. ಮೇಲೆ ಕೆಳಗೆ ಕ್ಯಾಪ್ ಅಡಿ ತೆಳು ತೆಳು ಶಿಮ್ (ಸಂದು ಸರಿ ಮಾಡೋ ತಗಡು) ಇರುತ್ತೆ, ಯಾವ್ದು ಮೇಲಿಂದು ಯಾವ್ದು ಕೆಳಗಿಂದು ಅಂತ ಬೇರೆ ಬೇರೆ ಪ್ಲಾಸ್ಟಿಕ್ ಕವರಲ್ಲಿ ಹಾಕಿಡು. ಟೈಟ್ ಮಾಡ್ಬೇಕಾದ್ರೆ ಎರಡೂ ಕಡೆ ಸಮ ತೆಗಿ, ಒಂದೇ ಕಡೆ ತೆಗೆದ್ರೆ ಒಳಗಿನ ಶಾಫ್ಟ್ ಸೆಂಟರ್ ತಪ್ಪುತ್ತೆ. ಮುಂದಿನ ಎರಡೂ ಚಕ್ರ ಸೇರಿಸೋ ಟೈರಾಡ್ ಬಿಚ್ಚಿಟ್ಟು ಕೈಯಲ್ಲಿ ಎಡ ಬಲ ತಿರುಗಿಸಿದ್ರೆ ಬಿಗಿಯಾಗಿ, ತಡೆ ಇಲ್ದೆ ತಿರುಗ್ಬೇಕು, ತಾನಾಗೇ ಬೀಳ್ಬಾರ್ದು. ಇಷ್ಟಾದ್ಮೇಲೂ ಅಲ್ಲಾಡಿದ್ರೆ ಟೈರಾಡ್ ಎಂಡು, ಪ್ಲೇಟ್ ಬುಷ್ಷು ನೋಡೋಣ. ಹ್ಯಾಂಗರ್ ಕಟ್ ಮಾಡೋ ಮುಂಚೆ ಒಂದು ಫೋಟೋ ಹಾಕು, ಅಳತೆ ಟೇಪ್ ಪಕ್ಕ ಹಿಡ್ಕೊಂಡು.