ರೂಡ್ ಅಂದರೆ ಬರೀ ಒರಟು ಅಂತಾನಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಲಂಡನ್ ಟೀಮಿಗೆ ಮೇಲ್ ಮಾಡುವಾಗ "ಸೆಂಡ್ ಮಿ ದ ಫೈಲ್ ಟುಡೇ" ಅಂತ ಬರೆದಿದ್ದೆ. ಅದು ರೂಡ್ ಆಗಿದೆ ಅಂತ ಮ್ಯಾನೇಜರ್ ಕರೆದು ಹೇಳಿದರು. ತುಂಬಾ ಬೇಜಾರಾಯಿತು, ಯಾಕಂದರೆ ನಾನು ಯಾರನ್ನೂ ಬೈದಿಲ್ಲ, ಮನಸ್ಸಿನಲ್ಲಿ "ಇವತ್ತೇ ಫೈಲ್ ಕಳಿಸಿ" ಅಂತಲೇ ಅಂದುಕೊಂಡು ಬರೆದದ್ದು. ಮೊನ್ನೆ ಅದೇ ಟೀಮಿನವರೊಬ್ಬರು ತಮ್ಮ ಅಜ್ಜಿ "ಇನ್ ರೂಡ್ ಹೆಲ್ತ್" ಅಂದರು. ಅಂದರೆ ಅಜ್ಜಿಗೆ ಹುಷಾರಿಲ್ಲ ಅಂತಾನಾ?

ಉತ್ತರ 1:
ಇಲ್ಲ, ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ ಅಂತ! ಬ್ರಿಟನ್ನಿನವರು ಇದನ್ನು ಜಾಸ್ತಿ ಬಳಸುತ್ತಾರೆ. ಪದದ ಬೇರು ಲ್ಯಾಟಿನ್ನಿನ "ರುಡಿಸ್", ಅಂದರೆ ಹದ ಮಾಡದ್ದು, ಕಚ್ಚಾ, ಕಲಿಯದವನು. ಎರುಡೈಟ್ ಅಂತಾರಲ್ಲ, ಪಂಡಿತ, ಅದೂ ಇದೇ ಬೇರಿನದು: ಆ ಒರಟುತನದಿಂದ ಹೊರಗೆ ಬಂದವನು. 1751ರಲ್ಲಿ ಅಚ್ಚಾದ ಥಾಮಸ್ ಗ್ರೇಯ ಸ್ಮಶಾನದ ಕವಿತೆಯಲ್ಲಿ ಹಳ್ಳಿಯ ಹಿರಿಯರನ್ನು "ರೂಡ್" ಅಂದಿದ್ದಾನೆ. ಅದು ಬೈಗುಳ ಅಲ್ಲ, ಓದು ಬರಹ ಇಲ್ಲದ ಸರಳ ಜನ ಅಂತ. ನಮ್ಮ "ಒರಟು" ಕೂಡ ಹೀಗೇ ಅಲ್ವಾ? ಒರಟು ಕಲ್ಲು, ಒರಟು ಬಟ್ಟೆ, ಆಮೇಲೆ ಒರಟು ಮಾತು. ಎರಡು ಭಾಷೆಗೂ ಒಂದೇ ದಾರಿ ಹೊಳೆದಿದೆ, ನನಗೆ ಇದು ಬಹಳ ಇಷ್ಟ.

ಉತ್ತರ 2:
ಇನ್ನೆರಡು ಸೇರಿಸುತ್ತೇನೆ. "ರೂಡ್ ಜೋಕ್" ಅಂದರೆ ಪೋಲಿ ಜೋಕು. "ರೂಡ್ ಶಾಕ್" ಅಂದರೆ ಏಕಾಏಕಿ ಬಿದ್ದ ಪೆಟ್ಟು. ಮತ್ತೆ "ರೂಡ್ ವಿತ್ ಮಿ" ಅಂತ ನಾವು ಸುಮಾರು ಜನ ಬರೆಯುತ್ತೇವೆ, "ರೂಡ್ ಟು ಮಿ" ಅನ್ನುವುದೇ ವಾಡಿಕೆ.

ಉತ್ತರ 3:
ನಿಮ್ಮ ಮೇಲ್ ವಿಷಯ ಯಾರೂ ಹೇಳಲಿಲ್ಲ. ನೀವು ಮರ್ಯಾದೆ ಕೊಟ್ಟೇ ಬರೆದಿದ್ದೀರಿ, ಅದು ದಾರಿಯಲ್ಲಿ ಕಳೆದುಹೋಯಿತು. ಕನ್ನಡದಲ್ಲಿ "ಕಳಿಸು" ಬೇರೆ, "ಕಳಿಸಿ" ಬೇರೆ, ಕೊನೆಯ ಆ ಒಂದು "ಇ"ಯಲ್ಲೇ ಗೌರವ ಇದೆ, ಅದಕ್ಕೇ ನಾವು ದಯವಿಟ್ಟು ಅಂತ ಮಾತುಮಾತಿಗೂ ಹೇಳುವುದಿಲ್ಲ. ಇಂಗ್ಲಿಷಿನ "ಸೆಂಡ್"ಗೆ ಆ ಬಾಲ ಇಲ್ಲ, ಎಲ್ಲರಿಗೂ ಒಂದೇ. ಅವರು ಗೌರವವನ್ನು "ಕುಡ್ ಯೂ" ಅಂತ ಪ್ರಶ್ನೆಯ ರೂಪದಲ್ಲಿ ತರುತ್ತಾರೆ. ಬರೀ ಪ್ಲೀಸ್ ಹಾಕಿದರೂ ಕೆಲವೊಮ್ಮೆ ಅಪ್ಪಣೆಯ ಹಾಗೇ ಕೇಳುತ್ತದೆ. ಹೊರಗಿನಿಂದ ಬಂದು ಕನ್ನಡ ಕಲಿಯುವವರು ದೊಡ್ಡವರನ್ನು "ಬಾ, ಕೂತ್ಕೋ" ಅಂದುಬಿಡುತ್ತಾರೆ, ಪಾಪ ಅವರಿಗೂ ಇದೇ ಕಷ್ಟ. ದಯವಿಟ್ಟು ಅವರನ್ನು ಒರಟರು ಅನ್ನಬೇಡಿ.

ಉತ್ತರ 4:
ನಮ್ಮೊಳಗೇ ಇದೆಯಲ್ಲ. ಧಾರವಾಡದ ಕಡೆ ಗೆಳೆಯರು "ಬಾರಲೇ" ಅಂದರೆ ಅಕ್ಕರೆ. ನಾನು ಮೈಸೂರಿಗೆ ಬಂದ ಹೊಸದರಲ್ಲಿ ಹಾಗೆ ಕರೆದಾಗ ರೂಮ್‌ಮೇಟ್ ಎರಡು ದಿನ ಮಾತು ಬಿಟ್ಟಿದ್ದ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. "ಕುಡ್ ಯೂ" ಹಾಕಿ ಈಗಷ್ಟೇ ಇನ್ನೊಂದು ಮೇಲ್ ಕಳಿಸಿದೆ. ಅಜ್ಜಿ ಚೆನ್ನಾಗಿರಲಿ ಅಂತಲೂ ಬರೆದೆ.