ಒಂದೇ ಗಾಡಿಗೆ ಎರಡು ಪಾಲಿಸಿ: ಹಳೇ ಸಿಸ್ಟಮ್‌ಗೆ ಎಪಿಐ ಜೋಡಿಸಿದ ಮೇಲೆ ಬಂದ ತೊಂದರೆ

ಹೊಸಜೋಡಣೆ:
ಎಲ್ಲರಿಗೂ ನಮಸ್ಕಾರ. ವಾಹನ ವಿಮೆ ಕಂಪನಿಯೊಂದಕ್ಕೆ ಎಪಿಐ (ಎರಡು ಸಿಸ್ಟಮ್‌ಗಳು ಮಾತಾಡಿಕೊಳ್ಳುವ ಕೊಂಡಿ) ಬರೆಯುವ ತಂಡದಲ್ಲಿದ್ದೇನೆ. ಮುಂದೆ ಹೊಸ ವೆಬ್‌ಸೈಟ್, ಹಿಂದೆ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಮೇಲೆ ಕೋಬಾಲ್ ಎಂಬ ಹಳೇ ಪ್ರೋಗ್ರಾಮ್ ಭಾಷೆಯಲ್ಲಿ ನಡೆಯುವ ಹಳೇ ಪಾಲಿಸಿ ಸಿಸ್ಟಮ್, ನಡುವೆ ನಾವು. ಗ್ರಾಹಕರು ಪ್ರೀಮಿಯಂ ಕಟ್ಟಿದ ತಕ್ಷಣ ಪಾಲಿಸಿ ಮಾಡಲು ಹಳೇ ಸಿಸ್ಟಮ್‌ಗೆ ರಿಕ್ವೆಸ್ಟ್ ಹೋಗುತ್ತದೆ. 30 ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತೇವೆ. ಅಲ್ಲೇ ಎಡವಟ್ಟಾಗಿದೆ. ಕೆಲವರಿಗೆ ಒಂದೇ ಗಾಡಿಗೆ ಎರಡು ಪಾಲಿಸಿ ನಂಬರ್ ಬಂದಿವೆ.

ಇನ್ನೊಂದು ಇದಕ್ಕಿಂತ ನೋವಿನದು. ಒಬ್ಬರು ಸಂಜೆ ಪಾಲಿಸಿ ತೆಗೆದುಕೊಂಡರು, ರಾತ್ರಿ ಅಪಘಾತ ಆಯಿತು. ರಸ್ತೆ ಬದಿ ನಿಂತು ಫೋನ್ ಮಾಡಿದರೆ ಕ್ಲೇಮ್ ವಿಭಾಗದವರು ಆ ನಂಬರಿನ ಪಾಲಿಸಿಯೇ ಇಲ್ಲ ಅಂದರಂತೆ. ಪಾಲಿಸಿಯ ಪಿಡಿಎಫ್ ಅವರ ಫೋನಿನಲ್ಲೇ ಇತ್ತು! ಕ್ಲೇಮ್ ಸಿಸ್ಟಮ್‌ಗೆ ಪಾಲಿಸಿಗಳು ಹೋಗುವುದು ರಾತ್ರಿ ಎಲ್ಲವನ್ನೂ ಒಟ್ಟಿಗೆ ಕಳಿಸುವ ಬ್ಯಾಚ್‌ನಲ್ಲಿ, ಹಾಗಾಗಿ ಬೆಳಿಗ್ಗೆ ತನಕ ಅಲ್ಲಿ ಏನೂ ಕಾಣುವುದಿಲ್ಲ. ಮುಂದೆ ಗ್ಯಾರೇಜ್, ಆಸ್ಪತ್ರೆ, ಮರುವಿಮೆಯವರನ್ನೂ (ವಿಮೆ ಕಂಪನಿಗೇ ವಿಮೆ ಕೊಡುವವರು) ಇದಕ್ಕೇ ಸೇರಿಸಬೇಕಂತೆ. ಮೊದಲು ಯಾವುದನ್ನು ಸರಿ ಮಾಡಲಿ?

ಹಳೇಕೋಡು:
ಮೊದಲು ಎರಡು ಪಾಲಿಸಿ ಆಗುವುದನ್ನು ನಿಲ್ಲಿಸಿ. ಟೈಮ್‌ಔಟ್ ಅಂದರೆ ಕೆಲಸ ಆಗಿಲ್ಲ ಅಂತ ಅಲ್ಲ, ಆಯಿತೋ ಇಲ್ಲವೋ ನಮಗೆ ಗೊತ್ತಿಲ್ಲ ಅಂತ ಅಷ್ಟೇ. ನಿಮ್ಮ ಮೊದಲ ರಿಕ್ವೆಸ್ಟ್ ಅಲ್ಲಿ ತಲುಪಿ, ಪಾಲಿಸಿ ಆಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು.

ಇದಕ್ಕೆ ಐಡೆಂಪೊಟೆನ್ಸಿ ಕೀ ಬೇಕು, ಅಂದರೆ ಒಂದೇ ರಿಕ್ವೆಸ್ಟ್ ಎಷ್ಟು ಸಲ ಬಂದರೂ ಕೆಲಸ ಒಂದೇ ಸಲ ಆಗಲು ಅದರ ಜೊತೆ ಕಳಿಸುವ ಗುರುತು. ಗ್ರಾಹಕರು ಬಟನ್ ಒತ್ತಿದಾಗ ಒಂದೇ ಸಲ ಒಂದು ಕೀ ಮಾಡಿ, ಉಳಿಸಿಕೊಳ್ಳಿ, ಎಷ್ಟು ಸಲ ಕಳಿಸಿದರೂ ಅದೇ ಕೀ ಹೋಗಬೇಕು. ಜಾಸ್ತಿ ಜನ ತಪ್ಪುವುದು ಇಲ್ಲೇ, ಪ್ರತಿ ಪ್ರಯತ್ನಕ್ಕೂ ಹೊಸ ಕೀ ಮಾಡಿಬಿಡುತ್ತಾರೆ, ಆಗ ಅದು ಇದ್ದೂ ಇಲ್ಲದ ಹಾಗೆ. ಅದೇ ಕೀ, ಅದೇ ಮಾಹಿತಿ ಮತ್ತೆ ಬಂದರೆ ಹಳೇ ಉತ್ತರವನ್ನೇ ಕೊಡಿ. ಕೀ ಅದೇ ಇದ್ದು ಮಾಹಿತಿ ಬೇರೆ ಇದ್ದರೆ ತಪ್ಪು ಅಂತ ವಾಪಸ್ ಮಾಡಿ. ಕೋಬಾಲ್ ಕಡೆ ಇದನ್ನು ಇಟ್ಟುಕೊಳ್ಳಲು ಜಾಗ ಇರಲ್ಲ, ಗೊತ್ತು. ನಿಮ್ಮ ಪದರದಲ್ಲೇ ಒಂದು ಟೇಬಲ್ ಇಡಿ, ಕೀ ಕಾಲಮ್‌ಗೆ ಯೂನಿಕ್ ನಿರ್ಬಂಧ (ಒಂದೇ ಕೀ ಎರಡು ಸಲ ಸೇರದ ಹಾಗೆ) ಹಾಕಿ, ಮತ್ತೆ ಕಳಿಸುವ ಮೊದಲು ಕೊಟೇಶನ್ (ಪಾಲಿಸಿಗೆ ಮೊದಲು ಕೊಟ್ಟ ದರದ ವಿವರ) ನಂಬರ್ ಹಿಡಿದು ಪಾಲಿಸಿ ಆಗಲೇ ಆಗಿದೆಯಾ ಅಂತ ಹಳೇ ಸಿಸ್ಟಮ್‌ನಲ್ಲಿ ಹುಡುಕಿ.

ಇನ್ನೊಂದು ಮಾತು, ವೆಬ್‌ಸೈಟ್ ಯಾಕೆ 30 ಸೆಕೆಂಡ್ ಕಾಯಬೇಕು? ಎಚ್‌ಟಿಟಿಪಿ 202 (ರಿಕ್ವೆಸ್ಟ್ ಸಿಕ್ಕಿದೆ, ಕೆಲಸ ಇನ್ನೂ ಮುಗಿದಿಲ್ಲ ಎಂಬ ಸಂಕೇತ) ಕೊಟ್ಟು, ಸ್ಥಿತಿ ನೋಡಲು ಒಂದು ಯುಆರ್‌ಎಲ್ ಕೊಡಿ, ಮುಗಿದ ಮೇಲೆ ವೆಬ್‌ಹುಕ್‌ನಲ್ಲಿ (ನಿಮ್ಮ ಸಿಸ್ಟಮ್ ತಾನೇ ಅವರ ಯುಆರ್‌ಎಲ್‌ಗೆ ಕಳಿಸುವ ಸಂದೇಶ) ತಿಳಿಸಿ. ವೆಬ್‌ಹುಕ್ ಕೂಡ ಎರಡು ಸಲ ಬರಬಹುದು, ಅದನ್ನು ತೆಗೆದುಕೊಳ್ಳುವವರಿಗೂ ಹೇಳಿ.

ಕ್ಲೇಮ್ಸ್‌ಕಡೆಯವಳು:
ಆ ರಾತ್ರಿ ಫೋನ್ ಎತ್ತಿದವರ ಕೆಲಸವನ್ನೇ ನಾನೂ ಮಾಡಿದವಳು. ಪರದೆಯಲ್ಲಿ ಇಲ್ಲದ್ದನ್ನು ಅವರು ಹೇಗೆ ನಂಬಬೇಕು ಹೇಳಿ? ಬ್ಯಾಚ್ ಬದಲಿಸಲು ಯಾರೂ ಒಪ್ಪಲ್ಲ, ಒಪ್ಪಿಸಲು ಹೋಗಿ ಸುಮ್ನೆ ವರ್ಷ ಕಳೆಯಬೇಡಿ. ಪಾಲಿಸಿ ಆದ ಕ್ಷಣವೇ ಕ್ಯೂಗೆ (ಸಂದೇಶಗಳ ಸಾಲಿಗೆ) ಪಾಲಿಸಿ ಆಯಿತು ಅಂತ ಒಂದು ಈವೆಂಟ್ ಹಾಕಿ, ಕ್ಲೇಮ್ ಕಡೆ ಓದಲು ಮಾತ್ರ ಬರುವ ಪಾಲಿಸಿಗಳ ಒಂದು ಪ್ರತಿ ಇರಲಿ. ರಾತ್ರಿ ಬ್ಯಾಚ್ ಬಂದಾಗ ಎರಡನ್ನೂ ತಾಳೆ ನೋಡಿ.

ತಾರೀಖಿನ ಬಗ್ಗೆ ತುಂಬಾ ಹುಷಾರಾಗಿರಿ. ಪಾಲಿಸಿ ಬರೆದ ದಿನ, ಕವರ್ ಶುರುವಾಗುವ ದಿನ, ಸಿಸ್ಟಮ್‌ಗೆ ಬಂದ ದಿನ, ಈ ಮೂರೂ ಬೇರೆ. 15ನೇ ತಾರೀಖು ಒಂದು ಎಂಡಾರ್ಸ್‌ಮೆಂಟ್ (ಪಾಲಿಸಿಯಲ್ಲಿ ಮಾಡುವ ಬದಲಾವಣೆ) ಹಾಕಿ, ಅದು 5ರಿಂದಲೇ ಲಾಗು ಅಂದರು ಅಂತಿಟ್ಟುಕೊಳ್ಳಿ. ಅಪಘಾತ ಆಗಿದ್ದು 7ಕ್ಕೆ. ಕವರ್ ಇತ್ತಾ? ಎಪಿಐನಲ್ಲಿ ತಾರೀಖಿಗೆ ಒಂದೇ ಫೀಲ್ಡ್ ಇದ್ದರೆ ಇದಕ್ಕೆ ಉತ್ತರವೇ ಸಿಗಲ್ಲ. ಹಾಗೆಯೇ ಮಧ್ಯರಾತ್ರಿ ಶುರುವಾಗುವ ಕವರ್ ಅನ್ನು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಪ್ರಮಾಣ ಸಮಯ) ತಿರುಗಿಸಿದರೆ ಕೆಲವು ಕಡೆ ಹಿಂದಿನ ದಿನ ಆಗಿಬಿಡುತ್ತದೆ. ಒಂದು ದಿನದ ಕವರ್ ಅಂದರೆ ಯಾರದೋ ಪೂರ್ತಿ ಕ್ಲೇಮ್, ಅಲ್ವಾ.

ನಕ್ಷೆಗಾರ:
ಹೊರಗಿನವರನ್ನು ಸೇರಿಸುವ ಬಗ್ಗೆ. ವಿಮೆ ಡೇಟಾಗೆ ಮಾನದಂಡ ಮಾಡುವ ಅಕಾರ್ಡ್ ಎಂಬ ಸಂಸ್ಥೆ 1970ರಿಂದ ಇದೆ. ಅವರ ಹಳೇ ಎಎಲ್3 ಫಾರ್ಮ್ಯಾಟ್‌ನಲ್ಲಿ ಎಷ್ಟನೇ ಅಕ್ಷರ ಅನ್ನುವುದರ ಮೇಲೆ ಫೀಲ್ಡ್ ಯಾವುದು ಅಂತ ಗೊತ್ತಾಗುತ್ತಿತ್ತು, ಆಮೇಲೆ ಪ್ರತಿ ಫೀಲ್ಡ್‌ಗೂ ಹೆಸರು ಬರೆಯುವ ಎಕ್ಸ್‌ಎಂಎಲ್ ಬಂತು. ಅಮೆರಿಕದ ಆರೋಗ್ಯ ವಿಮೆಯಲ್ಲಿ ಎಕ್ಸ್12 ಎಂಬ ಸಂದೇಶ ಮಾನದಂಡ ಬಳಸುತ್ತಾರೆ, 837 ಅಂದರೆ ಕ್ಲೇಮ್, 835 ಅಂದರೆ ಪಾವತಿಯ ವಿವರ. ಆಸ್ಪತ್ರೆ ಕಡೆಗೆ ಎಚ್‌ಎಲ್7 ಎಂಬ ಸಂಸ್ಥೆಯವರ ಫೈರ್ (FHIR, ಆರೋಗ್ಯ ಮಾಹಿತಿ ಹಂಚಿಕೊಳ್ಳುವ ಮಾನದಂಡ) ನೋಡಿ, ಅದರಲ್ಲಿ ಕ್ಲೇಮ್‌ಗೂ ಕವರೇಜ್‌ಗೂ ಸಿದ್ಧ ರಚನೆ ಇದೆ. ನನ್ನ ಅಭಿಪ್ರಾಯ, ಇವನ್ನೆಲ್ಲ ನಿಮ್ಮ ಒಳಗಿನ ಡೇಟಾಬೇಸ್‌ಗೆ ತುಂಬಬೇಡಿ. ಡೇಟಾ ಒಳಗೆ ಬರುವ, ಹೊರಗೆ ಹೋಗುವ ಅಂಚಿನಲ್ಲಿ ಅನುವಾದ ಮಾಡಿ.

ಗ್ಯಾರೇಜ್‌ಗೆ ಗಾಡಿಯ ವಿವರ, ಒಪ್ಪಿಗೆಯಾದ ಮೊತ್ತ ಸಾಕು. ಗಾಯಾಳುವಿನ ವೈದ್ಯಕೀಯ ವರದಿ ಅವರಿಗೆ ಯಾಕೆ? ಓಆತ್ 2.0 ಎಂಬ ಅನುಮತಿ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಸ್ಕೋಪ್ (ಏನೇನು ನೋಡಬಹುದು ಎಂಬ ಮಿತಿ) ಕೊಡಿ.

ಹೊಸಜೋಡಣೆ:
ತುಂಬಾ ಧನ್ಯವಾದ. ಹಳೇಕೋಡು ಅವರು ಹೇಳಿದ ಮೇಲೆ ಲಾಗ್ ತೆಗೆದು ನೋಡಿದೆ. ನಮ್ಮ ಕೋಡ್ ಒಂದು ಸಲ ಮತ್ತೆ ಕಳಿಸುತ್ತಿತ್ತು, ಮಧ್ಯದಲ್ಲಿ ರಿಕ್ವೆಸ್ಟ್ ದಾಟಿಸುವ ಗೇಟ್‌ವೇ ನಮಗೆ ಗೊತ್ತಿಲ್ಲದ ಹಾಗೆ ತಾನೂ ಒಂದು ಸಲ ಕಳಿಸುತ್ತಿತ್ತು. ಒಬ್ಬರಿಗೆ ಮೂರು ಪಾಲಿಸಿ ಆಗಿದೆ. ಗೇಟ್‌ವೇಯಲ್ಲಿ ಅದನ್ನು ಈಗಲೇ ನಿಲ್ಲಿಸಿದ್ದೇವೆ. ಆದರೆ ಈಗಾಗಲೇ ಆಗಿರುವ ಹೆಚ್ಚುವರಿ ಪಾಲಿಸಿಗಳನ್ನು ಏನು ಮಾಡಲಿ? ಡಿಲೀಟ್ ಮಾಡಿಬಿಡಲಾ?

ಕ್ಲೇಮ್ಸ್‌ಕಡೆಯವಳು:
ಬೇಡ, ದಯವಿಟ್ಟು ಡಿಲೀಟ್ ಮಾಡಬೇಡಿ. ಅದು ಅಷ್ಟರಲ್ಲಿ ಲೆಕ್ಕಪತ್ರಕ್ಕೂ ಮರುವಿಮೆ ವರದಿಗೂ ಹೋಗಿರುತ್ತದೆ, ನೀವು ಇಲ್ಲಿ ಅಳಿಸಿದರೆ ಅಲ್ಲಿ ಅಳಿಯಲ್ಲ. ಮೊದಲು ಯಾವ ನಂಬರಿನ ಮೇಲೆ ಕ್ಲೇಮ್ ಬಂದಿದೆ ನೋಡಿ, ಅದನ್ನು ಉಳಿಸಿಕೊಳ್ಳಿ. ಮಿಕ್ಕಿದ್ದನ್ನು ಕವರ್ ಶುರುವಾದ ದಿನದಿಂದಲೇ ರದ್ದು ಅಂತ ವಹಿವಾಟು ಹಾಕಿ, ಪ್ರೀಮಿಯಂ ಕಡಿತವಾಗಿದ್ದರೆ ವಾಪಸ್ ಕೊಡಿ. ಗ್ರಾಹಕರಿಗೆ ಫೋನ್ ಮಾಡಿ ಯಾವ ನಂಬರ್ ಇಟ್ಟುಕೊಳ್ಳಬೇಕು ಅಂತ ಹೇಳಿ. ಇಲ್ಲದಿದ್ದರೆ ರದ್ದಾದ ಪಾಲಿಸಿಯ ಪ್ರತಿಯೇ ಅವರ ಗಾಡಿಯಲ್ಲಿ ಉಳಿದಿರುತ್ತದೆ.